ಅಮ್ಮ ಎರಡು ಸಲ ಬಿದ್ದರು, ಇನ್ನು ಓಡಾಡಲು ಬಿಡಬಾರದಾ?

ಪ್ರಶ್ನೆ: ಅಮ್ಮನಿಗೆ 74 ವರ್ಷ. ಸಾಗರದ ಹತ್ತಿರದ ಹಳ್ಳಿಯಲ್ಲಿ ಒಬ್ಬರೇ ಇದ್ದಾರೆ. ಮಳೆಗಾಲದಲ್ಲಿ ಅಂಗಳದಲ್ಲಿ ಜಾರಿ ಬಿದ್ದು ಮಣಿಕಟ್ಟಿನ ಮೂಳೆ ಮುರಿದಿತ್ತು. ಅದು ಕೂಡಿಕೊಂಡಿತು ಅನ್ನುವಷ್ಟರಲ್ಲಿ, ಮೂರು ವಾರದ ಹಿಂದೆ ನಡುರಾತ್ರಿ ಬಚ್ಚಲಿಗೆ ಹೋಗುವಾಗ ಮತ್ತೆ ಬಿದ್ದರು. ತಲೆಗೆ ಸ್ವಲ್ಪ ಪೆಟ್ಟಾಯಿತು, ಗಾಯ ಆಗಲಿಲ್ಲ. ಬಿಪಿ, ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುತ್ತಾರೆ. ಆಸ್ಪಿರಿನ್ ಇದೆ, ನಿದ್ದೆ ಮಾತ್ರೆಯೂ ಇದೆ. ಈಗ ಎದ್ದು ಓಡಾಡಲು ಹೆದರುತ್ತಾರೆ. ವಯಸ್ಸಾದ ಮೇಲೆ ಬೀಳುವುದು ಸಹಜ ಎಂದು ಎಲ್ಲರೂ ಹೇಳುತ್ತಾರೆ. ತಮ್ಮ ತನ್ನ ಬೆಂಗಳೂರಿನ ಫ್ಲಾಟಿಗೆ ಕರೆತಂದು, ಯಾವ ಕೆಲಸವನ್ನೂ ಮಾಡಿಸದೆ ಕೂರಿಸೋಣ ಅನ್ನುತ್ತಾನೆ. ಅಮ್ಮ ಒಪ್ಪುತ್ತಿಲ್ಲ. ಯಾವುದು ಸರಿ?

ಉತ್ತರ: ನಿಮ್ಮ ಪ್ರಶ್ನೆಗೆ ಬರುವ ಮುಂಚೆ ಒಂದು ತುರ್ತಿನ ಮಾತು. ತಲೆಗೆ ಪೆಟ್ಟಾಗಿ ಮೂರು ವಾರ ಆಯಿತು, ಗಾಯ ಇಲ್ಲ ಎಂದು ಬರೆದಿದ್ದೀರಿ. ಈ ವಯಸ್ಸಿನಲ್ಲಿ ಅಷ್ಟಕ್ಕೇ ನಿಶ್ಚಿಂತೆ ಬೇಡ. ವಯಸ್ಸಾದಂತೆ ಮಿದುಳು ಕೊಂಚ ಕುಗ್ಗುತ್ತದೆ. ಮಿದುಳಿಗೂ ಅದರ ಹೊದಿಕೆಗೂ ನಡುವಿನ ಸಣ್ಣ ರಕ್ತನಾಳಗಳು ಬಿಗಿಯಾಗಿ ಎಳೆದುಕೊಂಡಿರುತ್ತವೆ. ಸಣ್ಣ ಪೆಟ್ಟಿಗೂ ಅವು ಹರಿದು, ರಕ್ತ ನಿಧಾನವಾಗಿ ವಾರಗಟ್ಟಲೆ ಜಿನುಗಬಹುದು. ಆಸ್ಪಿರಿನ್ ತಗೊಳ್ಳುವವರಲ್ಲಿ ಈ ಅಪಾಯ ಜಾಸ್ತಿ. ಹೊಸದಾಗಿ ತಲೆನೋವು ಶುರುವಾಗಿದೆಯಾ? ಹಗಲಲ್ಲೂ ಮಂಪರು ಇದೆಯಾ? ಮಾತು ತಡವರಿಸುತ್ತಿದೆಯಾ, ಒಂದು ಕಾಲು ಎಳೆಯುತ್ತಿದೆಯಾ, ಹೇಳಿದ್ದನ್ನೇ ಹೇಳುತ್ತಾ ಗೊಂದಲ ಮಾಡಿಕೊಳ್ಳುತ್ತಿದ್ದಾರಾ? ಇದರಲ್ಲಿ ಒಂದು ಕಂಡರೂ ಅವತ್ತೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ, ತಲೆಯ ಸಿ.ಟಿ. ಸ್ಕ್ಯಾನ್ ಮಾಡಿಸಿ. ಸಮಯಕ್ಕೆ ಗೊತ್ತಾದರೆ ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಇಂಥ ಯಾವ ಸೂಚನೆಯೂ ಇಲ್ಲದಿದ್ದರೆ ಇನ್ನೂ ಕೆಲವು ವಾರ ಇದೇ ಗಮನ ಇರಲಿ. ದಿನಾ ಫೋನಿನಲ್ಲಿ ಮಾತಾಡುವಾಗ ಅವರ ಮಾತಿನ ಧಾಟಿ ಬದಲಾಗಿದೆಯಾ ಎಂದು ಕಿವಿಗೊಟ್ಟು ಕೇಳಿ.

ಈಗ ಆ 'ಸಹಜ' ಅನ್ನುವ ಮಾತು. 65 ದಾಟಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ವರ್ಷಕ್ಕೆ ಒಮ್ಮೆಯಾದರೂ ಬೀಳುತ್ತಾರೆ, ನಿಜ. ಆದರೆ ಉಳಿದ ಇಬ್ಬರು ಬೀಳುವುದಿಲ್ಲ ಅಲ್ವಾ? ಅವರಿಗೂ ಅಷ್ಟೇ ವಯಸ್ಸಾಗಿರುತ್ತದೆ. ಆರು ತಿಂಗಳೊಳಗೆ ಎರಡು ಸಲ ಬಿದ್ದರೆ, ಜ್ವರ ಬಂದಾಗ ಯಾಕೆ ಬಂತು ಎಂದು ಹುಡುಕುವ ಹಾಗೆಯೇ ಇದಕ್ಕೂ ಕಾರಣ ಹುಡುಕಬೇಕು. ಸಾಮಾನ್ಯವಾಗಿ ಒಂದೇ ಕಾರಣ ಇರುವುದಿಲ್ಲ, ಮೂರ್ನಾಲ್ಕು ಸೇರಿಕೊಂಡಿರುತ್ತವೆ. ಅವುಗಳಲ್ಲಿ ಎರಡನ್ನು ಸರಿಮಾಡಿದರೂ ಮುಂದಿನ ಬೀಳುವಿಕೆ ತಪ್ಪಬಹುದು.

ನಿಮ್ಮ ಅಮ್ಮ ಬಿದ್ದ ಎರಡು ಸಲವೂ ಒಂದೇ ಥರದ್ದಲ್ಲ. ಅಂಗಳದಲ್ಲಿ ಜಾರಿದ್ದಕ್ಕೆ ಪಾಚಿ ಕಾರಣ ಅನ್ನಬಹುದು. ನಡುರಾತ್ರಿ, ದಿನಾ ಓಡಾಡುವ ಜಾಗದಲ್ಲಿ, ಹಾಸಿಗೆಯಿಂದ ಎದ್ದ ಕೂಡಲೇ ಬಿದ್ದರು ಅಂದರೆ ನನ್ನ ಕಣ್ಣು ಮೊದಲು ಹೋಗುವುದು ಮಾತ್ರೆ ಡಬ್ಬದ ಕಡೆಗೆ.

ಮನೆಗೆ ಹೋದಾಗ ಆ ಡಬ್ಬವನ್ನು ಪೂರ್ತಿ ಸುರಿದು ನೋಡಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದದ್ದು, ಪಕ್ಕದ ಮನೆಯವರು ಕೊಟ್ಟದ್ದು, ಶೀತದ ಮಾತ್ರೆ, ಆಯುರ್ವೇದದ ಪುಡಿ, ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ವೈದ್ಯರ ಮುಂದೆ ಇಡಿ. ಬರೀ ಚೀಟಿ ತೋರಿಸಿದರೆ ಸಾಲದು. ಚೀಟಿಯಲ್ಲಿ ಇರುವುದೇ ಒಂದು, ನಿಜವಾಗಿ ನುಂಗುವುದೇ ಇನ್ನೊಂದು, ಇದನ್ನು ನಾವು ದಿನಾ ನೋಡುತ್ತೇವೆ.

ನನಗೆ ಎಲ್ಲಕ್ಕಿಂತ ಚಿಂತೆ ಇರುವುದು ಆ ನಿದ್ದೆ ಮಾತ್ರೆಯದ್ದು. ಅದು ಆಲ್‌ಪ್ರಜೋಲಮ್ ಅಥವಾ ಕ್ಲೋನಜೆಪಾಮ್ ಆಗಿರುವ ಸಾಧ್ಯತೆ ಹೆಚ್ಚು. ಮನೆಯಲ್ಲಿ ಯಾರೋ ತೀರಿಕೊಂಡಾಗ ಹದಿನೈದು ದಿನಕ್ಕೆಂದು ಬರೆದುಕೊಟ್ಟದ್ದು ವರ್ಷಗಟ್ಟಲೆ ಉಳಿದುಬಿಡುತ್ತದೆ. ವಯಸ್ಸಾದವರ ದೇಹದಿಂದ ಇದು ಬೇಗ ಹೊರಹೋಗುವುದಿಲ್ಲ. ರಾತ್ರಿ ಎದ್ದಾಗ ತಲೆ ಮಂಕಾಗಿರುತ್ತದೆ, ಸ್ನಾಯು ಸಡಿಲ ಇರುತ್ತದೆ, ಕಾಲು ತಪ್ಪಿದರೆ ಸಾವರಿಸಿಕೊಳ್ಳುವುದು ತಡವಾಗುತ್ತದೆ. ಹಿರಿಯರಿಗೆ ಆದಷ್ಟು ಕೊಡಬಾರದು ಎಂದು ಅಮೆರಿಕದ ವೃದ್ಧಾಪ್ಯ ತಜ್ಞರ ಸಂಘ ಪಟ್ಟಿ ಮಾಡಿರುವ ಮಾತ್ರೆಗಳಲ್ಲಿ ಈ ಗುಂಪೂ ಇದೆ. ಆದರೆ ದಯವಿಟ್ಟು ನಾಳೆಯೇ ನಿಲ್ಲಿಸಬೇಡಿ. ವರ್ಷಗಟ್ಟಲೆ ತಗೊಂಡದ್ದನ್ನು ಥಟ್ಟನೆ ಬಿಟ್ಟರೆ ಕೈಕಾಲು ನಡುಕ, ವಿಪರೀತ ಆತಂಕ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ವೈದ್ಯರ ಜೊತೆ ಮಾತಾಡಿ, ವಾರಗಟ್ಟಲೆ, ಬೇಕಾದರೆ ತಿಂಗಳುಗಟ್ಟಲೆ ತಗೊಂಡು ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಅದರ ಜೊತೆಗೆ ಅಮ್ಮನ ರಾತ್ರಿಯ ಲೆಕ್ಕವನ್ನೂ ಕೇಳಿ. ಎಂಟೂವರೆಗೆ ಊಟ ಮುಗಿಸಿ ಮಲಗಿದವರಿಗೆ ಎರಡೂವರೆಗೆ ಎಚ್ಚರ ಆದರೆ ಆರು ಗಂಟೆ ನಿದ್ದೆ ಆಗಿರುತ್ತದೆ. ಮಧ್ಯಾಹ್ನ ಒಂದು ಗಂಟೆ ಮಲಗಿದ್ದರೆ ಏಳು ಗಂಟೆಯಾಯಿತು. ಅದಕ್ಕಿಂತ ಹೆಚ್ಚು ನಿದ್ದೆ ಆ ದೇಹಕ್ಕೆ ಬೇಡದೇ ಇರಬಹುದು. ಎಷ್ಟೋ ಜನರಿಗೆ ಮಲಗುವುದನ್ನು ಹತ್ತು ಗಂಟೆಗೆ ತಳ್ಳಿ, ಮಧ್ಯಾಹ್ನದ ನಿದ್ದೆಯನ್ನು ಅರ್ಧ ಗಂಟೆಗೆ ಇಳಿಸಿದರೆ ಮಾತ್ರೆ ಕಡಿಮೆ ಮಾಡುವುದು ಸಲೀಸಾಗುತ್ತದೆ.

ಇನ್ನು ಬಿಪಿ ಮಾತ್ರೆ. ಅದರಲ್ಲಿ ಆಮ್ಲೋಡಿಪಿನ್ ಇದೆಯಾ ನೋಡಿ, ಬಹಳ ಜನರಿಗೆ ಇರುತ್ತದೆ. ಒಳ್ಳೆಯ ಮಾತ್ರೆಯೇ. ಆದರೆ ಕೆಲವರಿಗೆ ಇದರಿಂದ ಸಂಜೆಯ ಹೊತ್ತಿಗೆ ಪಾದ ಊದಿಕೊಳ್ಳುತ್ತದೆ. ಕಾಲಲ್ಲಿ ಸೇರಿದ ನೀರು, ಮಲಗಿದ ಮೇಲೆ ಮತ್ತೆ ರಕ್ತಕ್ಕೆ ಬಂದು, ನಡುರಾತ್ರಿ ಮೂತ್ರವಾಗಿ ಎಬ್ಬಿಸುತ್ತದೆ. ಊತ ಇಳಿಯಲಿ ಎಂದು ಯಾರೋ ನೀರಿನ ಮಾತ್ರೆ, ಅಂದರೆ ಮೂತ್ರ ಹೆಚ್ಚಿಸುವ ಮಾತ್ರೆ, ಸೇರಿಸುತ್ತಾರೆ. ಅದರಿಂದ ಇನ್ನೂ ಎರಡು ಸಲ ಏಳಬೇಕಾಗುತ್ತದೆ. ಒಂದು ಮಾತ್ರೆಯ ತೊಂದರೆಗೆ ಇನ್ನೊಂದು ಮಾತ್ರೆ ಹೀಗೆ ಸೇರಿಕೊಳ್ಳುವುದು ಹಿರಿಯರಲ್ಲಿ ತುಂಬಾ ಸಾಮಾನ್ಯ. ಅಮ್ಮ ರಾತ್ರಿ ಎಷ್ಟು ಸಲ ಏಳುತ್ತಾರೆ, ಪಾದ ಊದುತ್ತದಾ, ನೀರಿನ ಮಾತ್ರೆ ಇದ್ದರೆ ಎಷ್ಟು ಹೊತ್ತಿಗೆ ತಗೊಳ್ಳುತ್ತಾರೆ ಎಂದು ಬರೆದುಕೊಂಡು ಹೋಗಿ ವೈದ್ಯರಿಗೆ ಹೇಳಿ. ರಾತ್ರಿ ಏಳುವುದು ಈಚೆಗೆ ಹೆಚ್ಚಾಗಿದ್ದರೆ ಮೂತ್ರದ ಸೋಂಕಿದೆಯಾ ಎಂದೂ ಪರೀಕ್ಷೆ ಆಗಲಿ.

ಮನೆಯಲ್ಲೇ ನೀವು ಮಾಡಬಹುದಾದ ಒಂದು ಮುಖ್ಯ ಪರೀಕ್ಷೆ ಇದೆ. ಡಿಜಿಟಲ್ ಬಿಪಿ ಯಂತ್ರ ಇದ್ದರೆ ಸಾಕು. ಐದು ನಿಮಿಷ ಮಲಗಿಸಿ ಬಿಪಿ ನೋಡಿ. ಆಮೇಲೆ ನಿಲ್ಲಿಸಿ, ಒಂದು ನಿಮಿಷವಾದ ಮೇಲೆ ಒಮ್ಮೆ, ಮೂರು ನಿಮಿಷವಾದ ಮೇಲೆ ಇನ್ನೊಮ್ಮೆ ನೋಡಿ. ಪಕ್ಕದಲ್ಲಿ ಹಿಡಿದುಕೊಳ್ಳಲು ನೀವಿರಿ. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ, ಇಲ್ಲವೇ ಕೆಳಗಿನದ್ದು 10 ಅಥವಾ ಹೆಚ್ಚು ಇಳಿದರೆ, ಎದ್ದಾಗ ಮಿದುಳಿಗೆ ರಕ್ತ ಸರಿಯಾಗಿ ಹೋಗುತ್ತಿಲ್ಲ ಎಂದರ್ಥ. ಆಸ್ಪತ್ರೆಯಲ್ಲಿ ಕುರ್ಚಿಯಲ್ಲಿ ಕೂರಿಸಿ ನೋಡಿದರೆ ಇದು ಗೊತ್ತಾಗುವುದೇ ಇಲ್ಲ. ಬೆಳಿಗ್ಗೆ ಏಳುವ ಹೊತ್ತಿನಲ್ಲೊಮ್ಮೆ, ಬಿಪಿ ಮಾತ್ರೆ ತಗೊಂಡು ಒಂದೆರಡು ಗಂಟೆಯ ಮೇಲೊಮ್ಮೆ ನೋಡಿದರೆ ಒಳ್ಳೆಯದು. ಅಂಕಿಗಳನ್ನು ವೈದ್ಯರಿಗೆ ತೋರಿಸಿ, ಅವರು ಮಾತ್ರೆಯ ಪ್ರಮಾಣವನ್ನೋ ಹೊತ್ತನ್ನೋ ಬದಲಿಸಬಹುದು. ಅಲ್ಲಿಯವರೆಗೆ ಅಮ್ಮ ಹಾಸಿಗೆಯಿಂದ ಒಮ್ಮೆಲೇ ಏಳದಿರಲಿ. ಎದ್ದು ಕಾಲು ಇಳಿಬಿಟ್ಟು ಕೂತು, ಪಾದಗಳನ್ನು ಹತ್ತಿಪ್ಪತ್ತು ಸಲ ಮೇಲೆ ಕೆಳಗೆ ಆಡಿಸಿ, ಆಮೇಲೆ ಏನನ್ನಾದರೂ ಹಿಡಿದು ನಿಲ್ಲಲಿ. ನಿಂತ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇದ್ದು ಹೆಜ್ಜೆ ಇಡಲಿ. ಹಂಡೆಯ ಬಿಸಿಬಿಸಿ ನೀರಿನ ಸ್ನಾನವಾದ ಮೇಲೂ ಬಿಪಿ ಇಳಿಯುತ್ತದೆ, ಆಗಲೂ ಇದೇ ಕ್ರಮ. ರಾತ್ರಿ ಏಳಬೇಕಾಗುತ್ತದೆ ಎಂದು ಹಗಲಿಡೀ ನೀರು ಕುಡಿಯದೇ ಇರುವ ಅಮ್ಮಂದಿರು ಬಹಳ. ಅದು ಬಿಪಿಯನ್ನು ಇನ್ನೂ ಇಳಿಸುತ್ತದೆ. ಹಗಲು ಚೆನ್ನಾಗಿ ಕುಡಿದು, ಸಂಜೆ ಏಳರ ಮೇಲೆ ಕಡಿಮೆ ಮಾಡಿದರೆ ಸಾಕು. ಹೃದಯದ್ದೋ ಕಿಡ್ನಿಯದ್ದೋ ತೊಂದರೆ ಇದ್ದು ನೀರಿಗೆ ಮಿತಿ ಹಾಕಿದ್ದರೆ ಮಾತ್ರ ವೈದ್ಯರು ಹೇಳಿದಷ್ಟೇ.

ಸಕ್ಕರೆ ಮಾತ್ರೆಯ ವಿಷಯಕ್ಕೆ ಬಂದರೆ, ಗ್ಲಿಮೆಪಿರೈಡ್ ಥರದ ಮಾತ್ರೆ ತಗೊಂಡು ಏಕಾದಶಿ, ಸಂಕಷ್ಟಿ ಎಂದು ಉಪವಾಸ ಮಾಡಿದರೆ ಸಕ್ಕರೆ ಕುಸಿದು ಬೀಳಬಹುದು. ಉಪವಾಸದ ದಿನ ಮಾತ್ರೆ ಹೇಗೆ ಎಂದು ಮುಂಚೆಯೇ ಕೇಳಿಟ್ಟುಕೊಳ್ಳಿ. ಈ ವಯಸ್ಸಿನಲ್ಲಿ ಸಕ್ಕರೆ ಬಹಳ ಬಿಗಿಯಾಗಿ ಇರಬೇಕು ಅಂತೇನಿಲ್ಲ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 8ರ ಒಳಗಿದ್ದರೆ ಸಾಕು ಎಂದು ಬೇರೆ ಕಾಯಿಲೆಗಳೂ ಇರುವ ಹಿರಿಯರಿಗೆ ನಾವು ಹೇಳುತ್ತೇವೆ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡವರಿಗೆ, ಅದರಲ್ಲೂ ಸಸ್ಯಾಹಾರಿಗಳಿಗೆ, ವಿಟಮಿನ್ ಬಿ12 ಕಡಿಮೆಯಾಗಬಹುದು. ಆಗ ಪಾದ ನೆಲ ಮುಟ್ಟಿದ್ದು ಸರಿಯಾಗಿ ತಿಳಿಯುವುದಿಲ್ಲ. ಬೆಳಕಿದ್ದರೆ ಕಣ್ಣು ಸಂಭಾಳಿಸುತ್ತದೆ, ಕತ್ತಲಲ್ಲಿ ತೂರಾಡುತ್ತಾರೆ. ಚಪ್ಪಲಿ ಕಾಲಿಂದ ಕಳಚಿದ್ದು ಗೊತ್ತಾಗುವುದಿಲ್ಲ ಎಂದು ಅಮ್ಮ ಯಾವತ್ತಾದರೂ ಹೇಳಿದ್ದಾರಾ? ಒಂದು ರಕ್ತ ಪರೀಕ್ಷೆ ಮಾಡಿಸಿ. ಕೊರತೆ ಇದ್ದರೆ ಇಂಜೆಕ್ಷನ್ ಇಲ್ಲವೇ ಮಾತ್ರೆಯಿಂದ ಸರಿಹೋಗುವಂಥದ್ದು.

ಆಸ್ಪಿರಿನ್ ಯಾಕೆ ಕೊಟ್ಟಿದ್ದಾರೆ ಎಂದೂ ಕೇಳಿ. ಹಿಂದೆ ಹೃದಯಾಘಾತ, ಪಾರ್ಶ್ವವಾಯು ಆಗಿದ್ದರೆ ಅಥವಾ ಸ್ಟೆಂಟ್ ಹಾಕಿದ್ದರೆ ಬಿಡಲೇಬಾರದು. ಸುಮ್ನೆ ಮುನ್ನೆಚ್ಚರಿಕೆಗೆ ಎಂದು ಕೊಟ್ಟಿದ್ದರೆ ಮಾತು ಬೇರೆ. ಆಸ್ಟ್ರೇಲಿಯಾ ಮತ್ತು ಅಮೆರಿಕದ 19 ಸಾವಿರಕ್ಕೂ ಹೆಚ್ಚು ಹಿರಿಯರ ಮೇಲೆ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಹೃದಯದ ಕಾಯಿಲೆ ಇಲ್ಲದ ಆ ಹಿರಿಯರಿಗೆ ದಿನಾ ಆಸ್ಪಿರಿನ್ ಕೊಟ್ಟದ್ದರಿಂದ ಲಾಭ ಕಾಣಲಿಲ್ಲ, ರಕ್ತಸ್ರಾವ ಮಾತ್ರ ಹೆಚ್ಚಾಯಿತು. ಬಿಡುವುದೋ ಮುಂದುವರಿಸುವುದೋ ಎಂಬ ತೀರ್ಮಾನ ವೈದ್ಯರದ್ದೇ ಆಗಲಿ. ಪ್ರಶ್ನೆ ಕೇಳುವುದು ನಿಮ್ಮ ಕೆಲಸ.

ಕಣ್ಣಿನ ಪೊರೆ ಇದ್ದರೆ ಮುಂದೂಡದೆ ತೆಗೆಸಿ. ಮೇಲೆ ದೂರಕ್ಕೆ, ಕೆಳಗೆ ಓದಲಿಕ್ಕೆ ಅಂತ ಇರುವ ಕನ್ನಡಕ ಹಾಕಿಕೊಂಡು ಮೆಟ್ಟಿಲು ಇಳಿದರೆ ಕಾಲ ಬುಡವೇ ಮಸುಕಾಗಿ ಕಾಣುತ್ತದೆ. ಹೊರಗೆ ಓಡಾಡಲು ದೂರದ್ದು ಮಾತ್ರ ಇರುವ ಬೇರೆ ಕನ್ನಡಕ ಮಾಡಿಸಿಕೊಡಿ.

ಇಷ್ಟೆಲ್ಲ ಸರಿಯಾದರೂ ಕಾಲಲ್ಲಿ ಶಕ್ತಿ ಇಲ್ಲದಿದ್ದರೆ ಉಪಯೋಗ ಇಲ್ಲ. ನಿಮ್ಮ ತಮ್ಮ ಹೇಳಿದ ಮಾತಿಗೆ ನಾನು ಉತ್ತರ ಕೊಡಬೇಕಾದದ್ದು ಇಲ್ಲೇ. ಯಾವ ಕೆಲಸವನ್ನೂ ಮಾಡಿಸದೆ ಕೂರಿಸುವುದು ಪ್ರೀತಿಯಿಂದಲೇ ಬಂದ ಯೋಚನೆ. ಆದರೆ ಅದು ಅಮ್ಮನನ್ನು ಮೂರನೇ ಸಲ ಬೀಳಿಸುವ ದಾರಿ. ಆರೋಗ್ಯವಾಗಿದ್ದ ಹಿರಿಯರನ್ನು ಬರೀ ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದ ಒಂದು ಅಧ್ಯಯನದಲ್ಲಿ ಅವರ ಕಾಲುಗಳ ಮಾಂಸಖಂಡ ಸುಮಾರು ಒಂದು ಕಿಲೋ ಕರಗಿತ್ತು. ಹಾಗೆ ಕರಗಿದ್ದನ್ನು ಈ ವಯಸ್ಸಿನಲ್ಲಿ ಮತ್ತೆ ಕಟ್ಟಿಕೊಳ್ಳಲು ತಿಂಗಳುಗಳು ಬೇಕು. ಬೀಳುವ ಹೆದರಿಕೆಯಿಂದ ಕೂರುತ್ತಾರೆ, ಕೂತದ್ದರಿಂದ ಕಾಲು ಸೋಲುತ್ತದೆ, ಕಾಲು ಸೋತದ್ದರಿಂದ ಬೀಳುತ್ತಾರೆ. ಮನೆಯವರೆಲ್ಲ ಸೇರಿ ಪ್ರೀತಿಯಿಂದ ಹೀಗೆ ಕೂರಿಸಿದ ಅಜ್ಜಿಯರು ಒಂದು ವರ್ಷದಲ್ಲಿ ಬಚ್ಚಲಿಗೂ ಇಬ್ಬರ ಆಸರೆ ಬೇಕಾದ ಸ್ಥಿತಿಗೆ ಬಂದದ್ದನ್ನು ನೋಡಿ ತುಂಬಾ ನೊಂದಿದ್ದೇನೆ.

ಕಾಲಿನ ಶಕ್ತಿ ನೋಡಲು ಒಂದು ಸುಲಭದ ದಾರಿ ಇದೆ. ಕೈ ಇಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡಿ. ಅಮ್ಮ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಂದು ಎಣಿಸಿ. ಅವರ ವಯಸ್ಸಿನ ಹೆಂಗಸರು ಹತ್ತು ಸಲಕ್ಕಿಂತ ಕಡಿಮೆ ಎದ್ದರೆ ಕಾಲು ಸೋತಿದೆ, ಬೀಳುವ ಅಪಾಯ ಇದೆ ಎಂದು ಲೆಕ್ಕ. ಕೈ ಊರದೆ ಒಮ್ಮೆಯೂ ಏಳಲಾಗದಿದ್ದರೆ ಫಿಸಿಯೋಥೆರಪಿ ತಜ್ಞರ ಹತ್ತಿರ ಕರೆದುಕೊಂಡು ಹೋಗಲೇಬೇಕು.

ಇದನ್ನು ಸರಿಮಾಡಲು ವ್ಯಾಯಾಮ ಬೇಕು. ಬರೀ ವಾಕಿಂಗ್ ಸಾಲದು, ಈ ಮಾತನ್ನು ಒತ್ತಿ ಹೇಳುತ್ತೇನೆ. ಕಾಲಿಗೆ ಬಲ ಕೊಡುವ, ಸಮತೋಲನ ಕಲಿಸುವ ವ್ಯಾಯಾಮ ಆಗಬೇಕು. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಮನೆಯಲ್ಲೇ ಮಾಡುವಂಥ ವ್ಯಾಯಾಮದ ಕ್ರಮವೊಂದನ್ನು ರೂಪಿಸಿದರು. 80 ದಾಟಿದವರಿಗೂ ಅದನ್ನು ಮಾಡಿಸಿದರು. ಬೀಳುವುದು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಯಿತು. ಆಸ್ಪತ್ರೆಯಲ್ಲಿ ನಾನು ಹೇಳಿಕೊಡುವುದೂ ಹೆಚ್ಚು ಕಡಿಮೆ ಅದೇ ಥರದ್ದು. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಬೆರಳ ಮೇಲೆ ನಿಲ್ಲುವುದು, ಆಮೇಲೆ ಬೆರಳು ಎತ್ತಿ ಹಿಮ್ಮಡಿಯ ಮೇಲೆ ನಿಲ್ಲುವುದು. ಅದೇ ಕಟ್ಟೆ ಹಿಡಿದು ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆ ಹಾಕುವುದು. ಒಂದು ಪಾದದ ಮುಂದೆ ಇನ್ನೊಂದು ಪಾದ ತಾಗಿಸಿ ಹತ್ತು ಸೆಕೆಂಡು ನಿಲ್ಲುವುದು. ಕುರ್ಚಿಯಿಂದ ಎದ್ದು ಕೂರುವುದು, ಮೊದಲು ಐದು ಸಲ, ಆಮೇಲೆ ಹತ್ತು. ಅನ್ನ ಕುದಿಯುವ ಹೊತ್ತಿನಲ್ಲಿ ಇಷ್ಟು ಮುಗಿಯುತ್ತದೆ. ವಾರಕ್ಕೆ ಮೂರು ದಿನವಾದರೂ ಆಗಬೇಕು, ತಿಂಗಳುಗಟ್ಟಲೆ ನಡೆಯಬೇಕು. ಆರಂಭದಲ್ಲಿ ಪಕ್ಕದಲ್ಲಿ ಯಾರಾದರೂ ಇರಲಿ. ನೀವು ಹೋದಾಗ ಜೊತೆಗೆ ನಿಂತು ಮಾಡಿ, ವಾಪಸ್ ಬಂದ ಮೇಲೆ ವಿಡಿಯೊ ಕಾಲ್‌ನಲ್ಲಿ ಮಾಡಿಸಿ.

ಶಕ್ತಿ ಬರಬೇಕಾದರೆ ಊಟದಲ್ಲಿ ಪ್ರೋಟೀನ್ ಬೇಕು. ಒಬ್ಬರೇ ಇರುವವರು ಬರೀ ಅನ್ನ-ಸಾರು, ರಾತ್ರಿ ಗಂಜಿ ಮಾಡಿಕೊಂಡು ಮುಗಿಸಿಬಿಡುತ್ತಾರೆ. ಅಮ್ಮನ ತೂಕ 50 ಕಿಲೋ ಇದ್ದರೆ ದಿನಕ್ಕೆ 50ರಿಂದ 60 ಗ್ರಾಂ ಪ್ರೋಟೀನ್ ಬೇಕು. ಎರಡೂ ಊಟಕ್ಕೆ ದಟ್ಟ ಬೇಳೆ ಅಥವಾ ಕಾಳು, ಗಟ್ಟಿ ಮೊಸರು, ಬೆಳಿಗ್ಗೆ ಒಂದು ಲೋಟ ಹಾಲು, ಸಂಜೆ ಒಂದು ಹಿಡಿ ಶೇಂಗಾ, ತಿನ್ನುವವರಾದರೆ ಮೊಟ್ಟೆ, ಮೀನು. ಕಿಡ್ನಿ ತೊಂದರೆ ಇದ್ದರೆ ಮೊದಲು ಕೇಳಿಕೊಳ್ಳಿ.

ಮೂಳೆಯ ಮಾತು ಬಿಡುವಂತಿಲ್ಲ. ನಿಂತ ಎತ್ತರದಿಂದ ಬಿದ್ದು ಮಣಿಕಟ್ಟು ಮುರಿದಿದೆ ಅಂದರೆ ಮೂಳೆ ಸವೆದಿದೆ ಎಂದೇ ಅನುಮಾನಿಸಬೇಕು. ಕಟ್ಟು ಹಾಕಿ, ಕೂಡಿದ ಮೇಲೆ ಬಿಚ್ಚಿ ಕಳಿಸಿ ಅಲ್ಲಿಗೇ ಬಿಡುವುದು ನಮ್ಮಲ್ಲಿ ತೀರಾ ಸಾಮಾನ್ಯ. ಮುಂದೆ ಸೊಂಟದ ಕೀಲು ಮುರಿಯದಂತೆ ಈಗಲೇ ಚಿಕಿತ್ಸೆ ಶುರುಮಾಡಬೇಕು. ಮೂಳೆ ಎಷ್ಟು ಗಟ್ಟಿ ಇದೆ ಎಂದು ಅಳೆಯುವ ಡೆಕ್ಸಾ ಸ್ಕ್ಯಾನ್ ಬಗ್ಗೆ ಕೇಳಿ. ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಮಾತ್ರೆ ಇದೆ, ವರ್ಷಕ್ಕೊಮ್ಮೆ ಕೊಡುವ ಜೋಲೆಡ್ರೊನಿಕ್ ಆಸಿಡ್ ಇಂಜೆಕ್ಷನ್ ಇದೆ. ವಿಟಮಿನ್ ಡಿ ಕೊರತೆ ಇದ್ದರೆ ತುಂಬಿಸಬೇಕು, ಆದರೆ 60,000 ಯೂನಿಟ್ಟಿನ ಪುಡಿಯನ್ನು ಮನಸ್ಸು ಬಂದಷ್ಟು ವಾರ ತಗೊಳ್ಳುವುದು ಸರಿಯಲ್ಲ. ಆಸ್ಟ್ರೇಲಿಯಾದಲ್ಲಿ ವರ್ಷಕ್ಕೊಮ್ಮೆ ಒಟ್ಟಿಗೆ 5 ಲಕ್ಷ ಯೂನಿಟ್ ಕೊಟ್ಟು ನೋಡಿದಾಗ ಆ ಹೆಂಗಸರು ಇನ್ನೂ ಜಾಸ್ತಿ ಬಿದ್ದರು.

ಮನೆಯಲ್ಲಿ ಮಾಡಬೇಕಾದದ್ದು ಬಹಳ ಏನಿಲ್ಲ. ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿಯಿಡೀ ಸಣ್ಣ ದೀಪ ಇರಲಿ. ಮಲೆನಾಡಿನ ಮಳೆಯಲ್ಲಿ ಕರೆಂಟ್ ನಂಬುವಂತಿಲ್ಲ, ಆದ್ದರಿಂದ ತಾನಾಗಿ ಹೊತ್ತಿಕೊಳ್ಳುವ ಚಾರ್ಜ್ ಬಲ್ಬ್ ಹಾಕಿ, ದಿಂಬಿನ ಪಕ್ಕ ಟಾರ್ಚ್ ಇಡಿ. ಹೊಸಿಲಿನ ಅಂಚಿಗೆ ಬಿಳಿ ಪಟ್ಟಿ ಬಳಿಯಿರಿ. ಬಚ್ಚಲಲ್ಲಿ ಗೋಡೆಗೆ ಗಟ್ಟಿಯಾಗಿ ಕೂರಿಸಿದ ಸ್ಟೀಲ್ ಹಿಡಿಕೆ ಬೇಕು. ಟವೆಲ್ ಹಾಕುವ ಸರಳು ಭಾರ ತಡೆಯುವುದಿಲ್ಲ, ಹಿಡಿದರೆ ಕಿತ್ತು ಬರುತ್ತದೆ. ಬಚ್ಚಲು ದೂರ ಇದ್ದರೆ ರಾತ್ರಿಗೆ ಹಾಸಿಗೆ ಪಕ್ಕ ಕಮೋಡ್ ಕುರ್ಚಿ ಇಡಬಹುದು. ನಾಚಿಕೆ ಪಡುತ್ತಾರೆ, ಮಳೆಗಾಲಕ್ಕೆ ಮಾತ್ರ ಅಂದರೆ ಒಪ್ಪಿಕೊಳ್ಳುತ್ತಾರೆ. ಅಂಗಳದ ಪಾಚಿಗೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿಸಿ. ತೋಟಕ್ಕೆ ಹೋಗುವ ಅಡಿಕೆ ದಬ್ಬೆಯ ಸಂಕ (ಕಾಲುಸೇತುವೆ) ಮಳೆಗಾಲದಲ್ಲಿ ಬೇಡವೇ ಬೇಡ. ಹವಾಯಿ ಚಪ್ಪಲಿ ಬಿಟ್ಟು ಹಿಂದೆ ಪಟ್ಟಿ ಇರುವುದನ್ನು ಕೊಡಿಸಿ.

ಬಿದ್ದರೆ ಏಳುವುದನ್ನೂ ಕಲಿಸಿ. ಮಗ್ಗುಲಿಗೆ ಹೊರಳಿ, ಮೊಣಕಾಲು ಕೈ ಊರಿ ಅಂಬೆಗಾಲಿಟ್ಟು ಗಟ್ಟಿ ಕುರ್ಚಿಯ ಹತ್ತಿರ ಹೋಗಿ, ಅದನ್ನು ಹಿಡಿದು ಒಂದು ಕಾಲು ಮುಂದಿಟ್ಟು ಏಳುವುದು. ಸೊಂಟದ ಹತ್ತಿರ ವಿಪರೀತ ನೋವಿದ್ದು ಕಾಲಿನ ಮೇಲೆ ಭಾರ ಹಾಕಲಾಗದಿದ್ದರೆ ಏಳಲು ನೋಡಬಾರದು, ಯಾರೂ ಎಳೆದು ನಿಲ್ಲಿಸಲೂಬಾರದು. 108ಕ್ಕೆ ಫೋನ್ ಮಾಡಿ. ಸೊಂಟದ ಕೀಲು ಮುರಿದರೆ ನಾಟಿ ಕಟ್ಟು ಹಾಕಿಸಿ ತಿಂಗಳು ಮಲಗಿಸುವುದು ಪ್ರಾಣಕ್ಕೇ ಅಪಾಯ. ಬಹುಪಾಲು ಜನರಿಗೆ ಒಂದೆರಡು ದಿನದೊಳಗೆ ಶಸ್ತ್ರಚಿಕಿತ್ಸೆ ಆಗಬೇಕು.

ಕೊನೆಗೆ ಬೆಂಗಳೂರಿನ ಪ್ರಶ್ನೆ. ಅಮ್ಮನಿಗೆ ನೆನಪು ಸರಿಯಾಗಿದ್ದರೆ, ಅಡುಗೆ ಮಾಡಿಕೊಳ್ಳುತ್ತಾರೆ ಅಂತಾದರೆ, ಮಾತ್ರೆಗಳನ್ನು ತಾವೇ ಸರಿಯಾಗಿ ತಗೊಳ್ಳುತ್ತಾರೆ ಅಂತಾದರೆ, ಈಗಲೇ ಊರು ಬಿಡಿಸಬೇಡಿ ಎಂದು ನಾನು ಹೇಳುತ್ತೇನೆ. ಊರಿನಲ್ಲಿ ಅವರು ಹೂ ಕೊಯ್ಯಲು, ಕೊಟ್ಟಿಗೆಗೆ, ಪಕ್ಕದ ಮನೆಗೆ ಅಂತ ದಿನಕ್ಕೆ ಹತ್ತು ಸಲ ಎದ್ದು ಹೋಗುತ್ತಾರೆ. ಆರನೇ ಮಹಡಿಯ ಫ್ಲಾಟಿನಲ್ಲಿ, ಹಗಲೆಲ್ಲ ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಎದ್ದು ಹೋಗಲು ಅವರಿಗೆ ಎಲ್ಲಿ ಜಾಗ? ನುಣುಪಾದ ಟೈಲ್ಸ್ ನೆಲ, ಗುರುತಿಲ್ಲದ ಬಚ್ಚಲು ಅಲ್ಲೂ ಬೀಳಿಸುತ್ತವೆ.

ಒಬ್ಬರೇ ಬಿಡಿ ಅನ್ನುತ್ತಿಲ್ಲ. ಮಾತ್ರೆಗಳೆಲ್ಲ ಒಂದು ಹದಕ್ಕೆ ಬರುವವರೆಗೆ ರಾತ್ರಿ ಜೊತೆಗೆ ಮಲಗಲು ಯಾರನ್ನಾದರೂ ಗೊತ್ತುಮಾಡಿ. ಬಟನ್ ಫೋನ್ ಕೊರಳಿಗೋ ಸೊಂಟಕ್ಕೋ ಇರಲಿ, ಬಚ್ಚಲಿಗೆ ಹೋಗುವಾಗಲೂ. ಬೆಳಿಗ್ಗೆ ಏಳಕ್ಕೆ ನೀವು ಫೋನ್ ಮಾಡುವುದು, ಎತ್ತದಿದ್ದರೆ ಪಕ್ಕದ ಮನೆಯವರು ಹೋಗಿ ನೋಡುವುದು, ಹೀಗೊಂದು ಒಪ್ಪಂದ ಮಾಡಿಕೊಳ್ಳಿ. ಮನೆಯ ಒಂದು ಕೀಲಿ ಅವರ ಹತ್ತಿರ ಇರಲಿ. ಹಿರಿಯರಿಗಾಗಿಯೇ ಇರುವ ಸಹಾಯವಾಣಿ 14567 ಕೂಡ ಅಮ್ಮನ ಫೋನಿನಲ್ಲಿ ಹಾಕಿಡಿ. ಇಷ್ಟೆಲ್ಲ ಮಾಡಿದ ಮೇಲೂ ಮತ್ತೆ ಬಿದ್ದರೆ, ಒಲೆ ಆರಿಸಲು ಮರೆಯುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಆಗ ಒಬ್ಬರೇ ಇರುವುದು ಸಾಧ್ಯವಿಲ್ಲ. ಆ ಮಾತನ್ನು ಈಗಲೇ, ಅವರು ಗಟ್ಟಿ ಇರುವಾಗಲೇ, ತಮ್ಮನನ್ನೂ ಕೂರಿಸಿಕೊಂಡು ಅಮ್ಮನ ಎದುರೇ ಆಡಿ. ಎಲ್ಲಿ ಇರಲು ಇಷ್ಟ, ಯಾರ ಜೊತೆ, ಯಾವ ಪರಿಸ್ಥಿತಿ ಬಂದರೆ ಊರು ಬಿಡಲು ಒಪ್ಪುತ್ತಾರೆ ಎಂದು ಅವರನ್ನೇ ಕೇಳಿ.